ಇದು ಯಾವ ಅಸೆಂಬ್ಲರಿಗೆ ಬರೆದ ಕೋಡ್? ಪ್ರೊಸೆಸರಿಗೆ ತಕ್ಕ ಉಪಕರಣ ಹಿಡಿಯಲು ಒಂದು ದೋಷ ನಿವಾರಣೆ ಕೈಪಿಡಿ

ಪುಸ್ತಕದಿಂದಲೋ ಗೆಳೆಯರ ಪೆನ್‌ಡ್ರೈವಿನಿಂದಲೋ ಸಿಕ್ಕ ಇಪ್ಪತ್ತು ಸಾಲಿನ ಅಸೆಂಬ್ಲಿ ಪ್ರೋಗ್ರಾಂ. ಅದನ್ನು ಯಂತ್ರದ ಬಿಟ್‌ಗಳಾಗಿಸುವ ಅಸೆಂಬ್ಲರಿಗೆ ಕೊಟ್ಟರೆ ಇಪ್ಪತ್ತೆರಡು ಎರರ್. ಇಂಥ ಹೊತ್ತಿನಲ್ಲಿ ಮೊದಲ ಎರರಿನಿಂದ ಹಿಡಿದು ಒಂದೊಂದೇ ಸಾಲು ತಿದ್ದುತ್ತ ಕೂರಬೇಡಿ. ಸಾಲಿಗೊಂದು ಎರರ್ ಬಂತೆಂದರೆ ಬಹುಪಾಲು ಕೋಡ್ ಸರಿಯಾಗಿಯೇ ಇರುತ್ತದೆ. ಅದನ್ನು ಓದುತ್ತಿರುವ ಅಸೆಂಬ್ಲರ್ ಬೇರೆಯದಾಗಿರುತ್ತದೆ. ಸಿ ಭಾಷೆಗೆ ಎಲ್ಲರೂ ಒಪ್ಪಿದ ಮಾನಕ ಇದೆ, ಅಸೆಂಬ್ಲಿಗೆ ಇಲ್ಲ. ಯಾವ ಇನ್‌ಸ್ಟ್ರಕ್ಷನ್ ಯಾವ ಬಿಟ್‌ಗಳಾಗಬೇಕು ಎಂಬುದನ್ನು ಚಿಪ್ ತಯಾರಕರು ಹೇಳುತ್ತಾರೆ. ಲೇಬಲ್ ಹೇಗೆ ಬರೆಯಬೇಕು, ಕಾಮೆಂಟಿಗೆ ಯಾವ ಚಿಹ್ನೆ, ಡೇಟಾಗೆ ಯಾವ ಪದ, ಹೆಕ್ಸ್ ಸಂಖ್ಯೆಯ ಗುರುತು ಯಾವುದು, ಇವೆಲ್ಲ ಅಸೆಂಬ್ಲರ್ ಬರೆದವರ ಇಷ್ಟ. ಹಾಗಾಗಿ ಒಂದೇ ಪ್ರೊಸೆಸರಿಗೆ ನಾಲ್ಕು ಅಸೆಂಬ್ಲರ್ ಇದ್ದರೆ ವ್ಯಾಕರಣವೂ ನಾಲ್ಕು.

ಎಲ್ಲ ಪರೀಕ್ಷೆಗೂ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಯಾವುದು, ಯಾವ ಮೋಡ್‌ನಲ್ಲಿ ಓಡುತ್ತದೆ? ಈ ಕಡತವನ್ನು ಯಾವ ಅಸೆಂಬ್ಲರ್ ಮನಸ್ಸಿನಲ್ಲಿಟ್ಟು ಬರೆದಿದ್ದಾರೆ? ಹೊರಬರುವ ಫೈಲನ್ನು ಮುಂದೆ ಯಾರು ಓದುತ್ತಾರೆ, ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಲಿಂಕರೋ ಚಿಪ್‌ಗೆ ಬರೆಯುವ ‘ಪ್ರೋಗ್ರಾಮರ್’ ಉಪಕರಣವೋ? ಇವುಗಳಲ್ಲಿ ಒಂದು ಹೊಂದದಿದ್ದರೂ ಎರರ್ ಬರುತ್ತದೆ. ಇನ್ನೂ ಕೆಟ್ಟ ಸಂಗತಿಯೆಂದರೆ ಕೆಲವು ಸಲ ಎರರೇ ಬರುವುದಿಲ್ಲ.

(ಆಜ್ಞೆ, ಎರರ್ ಸಂದೇಶಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ಮಾತಾಡುತ್ತಿರುವುದು ಯಾರು?

ಎರರ್ ಸಂದೇಶದ ಮಾತಿನ ಧಾಟಿಯೇ ಅಸೆಂಬ್ಲರಿನ ಗುರುತುಚೀಟಿ. ಗ್ನೂ ಅಸೆಂಬ್ಲರ್, ಅಂದರೆ ಗ್ಯಾಸ್, ಹೆಸರಿಗೆ ಒಂದೇ ಆದರೂ ಪ್ರೊಸೆಸರಿಗೊಂದು ಧಾಟಿ ಇಟ್ಟುಕೊಂಡಿದೆ. ‘ನೋ ಸಚ್ ಇನ್‌ಸ್ಟ್ರಕ್ಷನ್’ ಎಂದರೆ ಅದು ಎಕ್ಸ್86 (ಸಾಮಾನ್ಯ ಪಿಸಿಗಳ ಪ್ರೊಸೆಸರ್) ಗ್ಯಾಸ್. ‘ಬ್ಯಾಡ್ ಇನ್‌ಸ್ಟ್ರಕ್ಷನ್’ ಎಂದರೆ 32 ಬಿಟ್ ಆರ್ಮ್. ‘ಅನ್‌ನೋನ್ ನೆಮೋನಿಕ್’ ಎಂದರೆ 64 ಬಿಟ್ ಆರ್ಮ್. ‘ಅನ್‌ರೆಕಗ್ನೈಜ್ಡ್ ಆಪ್‌ಕೋಡ್’ ಎಂದರೆ ರಿಸ್ಕ್-ಫೈವ್. ‘ಅನ್‌ನೋನ್ ಆಪ್‌ಕೋಡ್’ ಎಂದಷ್ಟೇ ಬಂದರೆ ಎವಿಆರ್ (ಆರ್ಡುಯಿನೋ ಯುನೋದಂಥ ಬೋರ್ಡಿನ ಚಿಪ್) ಇರಬಹುದು. ಅದೇ ಮಾತಿನ ಹಿಂದೆ ಎ1163ಇ ಎಂಬ ಸಂಖ್ಯೆ ಇದ್ದರೆ ಅದು ಕೈಲ್ ಎಂಬ ತಂತ್ರಾಂಶದ ಜೊತೆ ಬರುವ ಆರ್ಮ್‌ಆಸ್ಮ್. ಎ2008 ಎಂಬ ‘ಸಿಂಟ್ಯಾಕ್ಸ್ ಎರರ್’ ಮೈಕ್ರೋಸಾಫ್ಟ್‌ನ ಮಾಸ್ಮ್‌ನದು. ‘ಪಾರ್ಸರ್: ಇನ್‌ಸ್ಟ್ರಕ್ಷನ್ ಎಕ್ಸ್‌ಪೆಕ್ಟೆಡ್’ ನಾಸ್ಮ್ ಎಂಬ ಇನ್ನೊಂದು ಎಕ್ಸ್86 ಅಸೆಂಬ್ಲರಿನದು.

ಈಗ ಇದನ್ನು ಕೋಡಿನ ಜೊತೆ ಇಟ್ಟು ನೋಡಿ. ಆರ್ಮ್‌ಗೆ ಬರೆದ ‘ಎಲ್‌ಡಿಆರ್ ಆರ್0’ ಸಾಲಿನ ಮೇಲೆ ‘ನೋ ಸಚ್ ಇನ್‌ಸ್ಟ್ರಕ್ಷನ್’ ಎಂದು ಬಂದರೆ ಕೋಡನ್ನು ಓದಿದ್ದು ನಿಮ್ಮ ಲ್ಯಾಪ್‌ಟಾಪಿನ ಸ್ವಂತ ಅಸೆಂಬ್ಲರ್. ಮೇಕ್‌ಫೈಲ್‌ನಲ್ಲಿ (ಪ್ರೋಗ್ರಾಂ ಕಟ್ಟುವ ಆಜ್ಞೆಗಳ ಕಡತ) ಕ್ರಾಸ್ ಕಂಪೈಲರಿನ, ಅಂದರೆ ಬೇರೆ ಪ್ರೊಸೆಸರಿಗೆ ಕೋಡ್ ಕಟ್ಟುವ ಉಪಕರಣದ, ಹೆಸರಿನ ಪೂರ್ವಪದ ಖಾಲಿ ಉಳಿದಿದೆ. ಬೋರ್ಡಿಗೆ ಬೇಕಿದ್ದದ್ದು ‘ಆರ್ಮ್-ನನ್-ಇಎಬಿಐ-ಆಸ್’. ಓಡಿದ್ದು ಬರೀ ‘ಆಸ್’. ‘ಆಸ್ --ವರ್ಷನ್’ ಹೊಡೆದರೆ ಕೊನೆಯ ಸಾಲಿನಲ್ಲಿ ಅದು ಯಾವ ಗುರಿಗೆ ಕಟ್ಟಿದ ಅಸೆಂಬ್ಲರ್ ಎಂದು ಬರೆದಿರುತ್ತದೆ.

ಎರರ್ ಸಂದೇಶದಲ್ಲಿ ನಿಮ್ಮ ಕಾಮೆಂಟಿನ ಪದಗಳೇ ಕಾಣಿಸಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ನಾಸ್ಮ್, ಮಾಸ್ಮ್, ಆರ್ಮ್‌ಆಸ್ಮ್, 8051 ಮೈಕ್ರೋಕಂಟ್ರೋಲರಿನ ಅಸೆಂಬ್ಲರ್‌ಗಳಲ್ಲಿ ಅರ್ಧವಿರಾಮ (;) ಕಾಮೆಂಟಿನ ಗುರುತು. ಎಕ್ಸ್86 ಗ್ಯಾಸ್‌ಗೆ ಅದು ಎರಡು ಇನ್‌ಸ್ಟ್ರಕ್ಷನ್‌ಗಳ ನಡುವಿನ ಗೆರೆ. ಹಾಗಾಗಿ ‘; ಲೂಪ್ ಕೌಂಟರ್’ ಎಂದು ಬರೆದದ್ದನ್ನು ಅದು ‘ಲೂಪ್’ ಎಂಬ ನಿಜವಾದ ಇನ್‌ಸ್ಟ್ರಕ್ಷನ್ ಎಂದೇ ಓದಲು ಹೋಗುತ್ತದೆ. ಎಕ್ಸ್86 ಗ್ಯಾಸ್‌ನಲ್ಲಿ ಕಾಮೆಂಟಿಗೆ # ಬೇಕು, 32 ಬಿಟ್ ಆರ್ಮ್ ಗ್ಯಾಸ್‌ನಲ್ಲಿ @ ಬೇಕು, 64 ಬಿಟ್ ಆರ್ಮ್‌ನಲ್ಲಿ ಎರಡು ಓರೆಗೆರೆ (//). ಎವಿಆರ್‌ನ ಗ್ಯಾಸ್ ಮಾತ್ರ ಅರ್ಧವಿರಾಮವನ್ನೇ ಒಪ್ಪುತ್ತದೆ. ಗ್ಯಾಸ್ ಯಾವ ಪ್ರೊಸೆಸರಿಗೇ ಇರಲಿ, ಸಿ ಭಾಷೆಯ /* */ ಕಾಮೆಂಟನ್ನು ಒಪ್ಪುತ್ತದೆ. ಹಲವು ಗುರಿಗಳಿಗೆ ಬರೆಯುವವರು ಅದನ್ನೇ ರೂಢಿ ಮಾಡಿಕೊಂಡರೆ ತಲೆನೋವು ಕಡಿಮೆ.

ಮೂಲ ಕಡತದ ಮುಖಲಕ್ಷಣವೂ ಸಾಕಷ್ಟು ಹೇಳುತ್ತದೆ. ರಿಜಿಸ್ಟರಿನ ಮುಂದೆ % ಇದ್ದರೆ ಎಟಿ ಆ್ಯಂಡ್ ಟಿ ಶೈಲಿಯ ಎಕ್ಸ್86 ಗ್ಯಾಸ್. ‘.ಮಾಡೆಲ್ ಸ್ಮಾಲ್’ ಕಂಡರೆ ಡಾಸ್ ಕಾಲದ ಮಾಸ್ಮ್ ಅಥವಾ ಟಾಸ್ಮ್. ಚುಕ್ಕಿಯಿಲ್ಲದೆ ‘ಸೆಕ್ಷನ್’, ಜೊತೆಗೆ ‘ರೆಸ್ಬಿ’, ‘ಟೈಮ್ಸ್’ ಕಂಡರೆ ನಾಸ್ಮ್. ‘ಏರಿಯಾ’, ‘ಡಿಸಿಡಿ’, ‘ಎಕ್ಸ್‌ಪೋರ್ಟ್’ ಇದ್ದು ಲೇಬಲ್‌ಗೆ ಕೋಲನ್ ಇಲ್ಲದಿದ್ದರೆ ಆರ್ಮ್‌ಆಸ್ಮ್. ‘ಎಂ328ಪಿಡೆಫ್’ ಎಂಬ ಕಡತ ಸೇರಿಸಿಕೊಂಡಿದ್ದರೆ ಮೈಕ್ರೋಚಿಪ್ (ಹಿಂದಿನ ಆಟ್ಮೆಲ್) ಕಂಪನಿಯ ಎವಿಆರ್‌ಆಸ್ಮ್2.

ಎಕ್ಸ್86: ಒಂದೇ ಸಾಲು, ಎರಡು ಅರ್ಥ

ಇಲ್ಲಿ ಎರರ್ ಕೊಡುವ ದೋಷಗಳಿಗಿಂತ ಕೊಡದವೇ ಹೆಚ್ಚು ದಿನ ತಿನ್ನುತ್ತವೆ.

‘ಮೂವ್ ಇಎಎಕ್ಸ್, ಕೌಂಟ್’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಮಾಸ್ಮ್‌ನಲ್ಲಿ ಇದರ ಅರ್ಥ ಕೌಂಟ್ ಎಂಬ ಜಾಗದಲ್ಲಿರುವ ಬೆಲೆಯನ್ನು ತಾ ಎಂದು. ನಾಸ್ಮ್‌ನಲ್ಲಿ ಕೌಂಟ್‌ನ ವಿಳಾಸ ತಾ ಎಂದು. ಬೆಲೆ ಬೇಕಿದ್ದರೆ ಚೌಕ ಆವರಣದೊಳಗೆ ಹಾಕಬೇಕು. ಗ್ಯಾಸ್‌ಗೆ ‘.ಇಂಟೆಲ್_ಸಿಂಟ್ಯಾಕ್ಸ್ ನೋಪ್ರಿಫಿಕ್ಸ್’ ಎಂದು ಹೇಳಿ ಬರೆದರೆ ಅದು ಮಾಸ್ಮ್ ಕಡೆ ನಿಲ್ಲುತ್ತದೆ, ನಾಸ್ಮ್ ಕಡೆ ಅಲ್ಲ. ಮೂರೂ ಅಸೆಂಬ್ಲರ್ ಚಕಾರವೆತ್ತದೆ ಸಾಲನ್ನು ಒಪ್ಪುತ್ತವೆ. ಲಿನಕ್ಸ್‌ನಲ್ಲಿ ಎರಡು ಚಿಕ್ಕ ಸಂಖ್ಯೆ ಕೂಡಿಸಿ ಉತ್ತರ 4202496ರ ಆಸುಪಾಸು ಬಂತೇ? ಅದನ್ನು ಹೆಕ್ಸ್‌ಗೆ ತಿರುಗಿಸಿ: 402000. ಅದು ಡೇಟಾ ವಿಭಾಗದ ವಿಳಾಸ. ಮಾಸ್ಮ್‌ಗೆ ಬರೆದ ಕೋಡು ನಾಸ್ಮ್ ಕೈಗೆ ಸಿಕ್ಕಿದೆ.

ಇದರ ಕನ್ನಡಿ ಬಿಂಬ ಎಟಿ ಆ್ಯಂಡ್ ಟಿ ಶೈಲಿಯಲ್ಲಿದೆ. ಅಲ್ಲಿ ಮೊದಲು ಮೂಲ, ಆಮೇಲೆ ಗುರಿ. ಸಂಖ್ಯೆಯ ಮುಂದೆ $ ಕಡ್ಡಾಯ. $ ಮರೆತು ‘ಮೂವ್ 5, %ಇಎಎಕ್ಸ್’ ಎಂದರೆ 5 ಎಂಬ ಸಂಖ್ಯೆಯಲ್ಲ, 5ನೇ ವಿಳಾಸದಲ್ಲಿರುವುದನ್ನು ತಾ ಎಂದಾಗುತ್ತದೆ. ಅಸೆಂಬ್ಲರ್ ಸುಮ್ಮನಿರುತ್ತದೆ, ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಬೀಳುತ್ತದೆ. ಜಿಡಿಬಿ ಎಂಬ ಡಿಬಗರಿನಲ್ಲಿ ಬಿದ್ದ ಜಾಗ ನೋಡಿದಾಗ ಆಪರೆಂಡ್ ಒಂಟಿ ಸಣ್ಣ ಹೆಕ್ಸ್ ಸಂಖ್ಯೆಯಾಗಿದ್ದರೆ $ ಬಿಟ್ಟುಹೋಗಿದೆ ಎಂದೇ ಅರ್ಥ.

ನಾಸ್ಮ್‌ಗೆ ಇನ್ನೊಂದು ದೌರ್ಬಲ್ಯ. ಒಂದೇ ಪದವಿರುವ ಸಾಲು ಗೊತ್ತಿಲ್ಲದ ಪದವಾದರೆ ಅದನ್ನು ಲೇಬಲ್ ಎಂದುಕೊಳ್ಳುತ್ತದೆ. ‘ಲಾಡ್‌ಎಸ್‌ಬಿ’ ಎನ್ನುವಲ್ಲಿ ಒಂದಕ್ಷರ ತಪ್ಪಿಸಿದರೆ ಎರರ್ ಇಲ್ಲ. ಕೋಲನ್ ಇಲ್ಲದ ಒಂಟಿ ಲೇಬಲ್ ಇದೆ ಎಂಬ ಎಚ್ಚರಿಕೆ ಮಾತ್ರ. ಆ ಇನ್‌ಸ್ಟ್ರಕ್ಷನ್ ಅಂತಿಮ ಫೈಲಿನಲ್ಲಿ ಇರುವುದೇ ಇಲ್ಲ. ನಾಸ್ಮ್‌ನ ಎಚ್ಚರಿಕೆಗಳನ್ನು ಎರರಿನಂತೆಯೇ ಓದಿ.

ಇನ್ನು ಔಟ್‌ಪುಟ್ ಬಗೆ. ನಾಸ್ಮ್‌ಗೆ ಏನೂ ಹೇಳದಿದ್ದರೆ ಅದು ತಲೆಬರಹವಿಲ್ಲದ ಬರೀ ಬೈಟ್‌ಗಳನ್ನು ಕೊಡುತ್ತದೆ, ‘ಬಿನ್’ ಬಗೆ. ಬೂಟ್ ಸೆಕ್ಟರಿಗೆ ಇದು ಸರಿ. ಅದನ್ನೇ ಲಿಂಕರಿಗೆ ಕೊಟ್ಟರೆ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಜ್ಡ್, ಟ್ರೀಟಿಂಗ್ ಆ್ಯಸ್ ಲಿಂಕರ್ ಸ್ಕ್ರಿಪ್ಟ್’ ಎಂದು ಬರುತ್ತದೆ. ಕೊನೆಯ ಪದ ನಂಬಿ ಲಿಂಕರ್ ಸ್ಕ್ರಿಪ್ಟ್ ಹುಡುಕಲು ಹೋಗಬೇಡಿ. ಲಿನಕ್ಸ್‌ಗೆ ‘-ಎಫ್ ಎಲ್ಫ್64’, ವಿಂಡೋಸ್‌ಗೆ ‘-ಎಫ್ ವಿನ್64’, ಮ್ಯಾಕ್‌ಗೆ ‘-ಎಫ್ ಮ್ಯಾಕೋ64’ ಸೇರಿಸಿ. ಎಲ್ಫ್32 ಎಂದು ಕೊಟ್ಟು 64 ಬಿಟ್ ಲಿಂಕರಿಗೆ ಹಾಕಿದರೆ ಐ386 ಆರ್ಕಿಟೆಕ್ಚರ್ ಹೊಂದುವುದಿಲ್ಲ ಎನ್ನುತ್ತದೆ. ಕೋಡ್ ನಿಜಕ್ಕೂ 32 ಬಿಟ್‌ದಾದರೆ ಲಿಂಕರಿಗೆ ‘-ಎಂ ಎಲ್ಫ್_ಐ386’ ಕೊಡಿ. ಬರೀ ಎರರ್ ಹೋಗಲಿ ಎಂದು ಎಲ್ಫ್64ಕ್ಕೆ ಬದಲಿಸಿದರೆ ದೋಷ ಒಳಗೆ ಇಳಿಯುತ್ತದೆ. ಕಾರಣ ಸಿಸ್ಟಂ ಕಾಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೆ ಕೆಲಸ ಹೇಳುವ ಕರೆ. 32 ಬಿಟ್‌ನಲ್ಲಿ ‘ಇಂಟ್ 80’ (80 ಹೆಕ್ಸ್‌ನಲ್ಲಿ) ಮೂಲಕ ಬರೆಯಲು 4, ಮುಗಿಸಲು 1. 64 ಬಿಟ್‌ನಲ್ಲಿ ‘ಸಿಸ್‌ಕಾಲ್’ ಮೂಲಕ ಬರೆಯಲು 1, ಮುಗಿಸಲು 60, ರಿಜಿಸ್ಟರ್‌ಗಳೂ ಬೇರೆ. 64 ಬಿಟ್ ಪ್ರೋಗ್ರಾಂನಲ್ಲಿ ‘ಇಂಟ್ 80’ ಅನೇಕ ಸಲ ಓಡಿಯೇಬಿಡುತ್ತದೆ, ಡೇಟಾ ವಿಭಾಗದ ಸಾಲನ್ನು ಮುದ್ರಿಸಿಯೂ ಬಿಡುತ್ತದೆ. ಸ್ಟ್ಯಾಕ್‌ನಲ್ಲಿರುವ ಬಫರ್ ಕೊಟ್ಟಾಗ ಮಾತ್ರ ಏನೂ ಮುದ್ರಣವಾಗದೆ -14 ಹಿಂತಿರುಗುತ್ತದೆ. ಸ್ಟ್ಯಾಕ್‌ನ ವಿಳಾಸ 32 ಬಿಟ್‌ಗೆ ಹಿಡಿಯುವುದಿಲ್ಲ, ಮೇಲಿನ ಅರ್ಧ ಕತ್ತರಿಸಿಹೋಗಿದೆ.

‘ಆರ್_ಎಕ್ಸ್86_64_32ಎಸ್’ ಎಂಬ ರಿಲೊಕೇಶನ್ (ಲಿಂಕರ್ ತುಂಬಬೇಕಾದ ವಿಳಾಸದ ಗುರುತು) ಬಗ್ಗೆ ಲಿಂಕರ್ ಗೊಣಗಿ ‘-ಎಫ್‌ಪಿಐಇ’ ಹಾಕಿ ಮತ್ತೆ ಕಂಪೈಲ್ ಮಾಡಿ ಎಂದರೆ, ಆ ಸಲಹೆ ಸಿ ಕೋಡಿಗೆ. ಕೈಯಲ್ಲಿ ಬರೆದ ಅಸೆಂಬ್ಲಿಗೆ ಅದರಿಂದ ಏನೂ ಆಗದು. ಈಗಿನ ಲಿನಕ್ಸ್ ಹಂಚಿಕೆಗಳಲ್ಲಿ ಜಿಸಿಸಿ ಎಲ್ಲಿ ಬೇಕಾದರೂ ಕೂರಬಲ್ಲ ಪ್ರೋಗ್ರಾಂ ಕಟ್ಟುತ್ತದೆ. ನಿಮ್ಮ ಕೋಡಿನಲ್ಲಿ ಸ್ಥಿರ ವಿಳಾಸ ಇದೆ. ನಾಸ್ಮ್ ಕಡತದ ಮೊದಲ ಸಾಲಿಗೆ ‘ಡೀಫಾಲ್ಟ್ ರೆಲ್’ ಬರೆದು, ವಿಳಾಸ ಬೇಕಾದಲ್ಲಿ ‘ಮೂವ್’ ಬದಲು ‘ಎಲ್‌ಇಎ’ ಬಳಸಿ. ಅವಸರವಿದ್ದರೆ ಲಿಂಕ್ ಮಾಡುವಾಗ ‘-ನೋ-ಪಿಐಇ’. ‘.ನೋಟ್.ಗ್ನೂ-ಸ್ಟ್ಯಾಕ್’ ವಿಭಾಗ ಇಲ್ಲವೆಂಬ ಎಚ್ಚರಿಕೆ ಬೈನ್‌ಯುಟಿಲ್ಸ್ (ಗ್ನೂ ಅಸೆಂಬ್ಲರ್, ಲಿಂಕರ್‌ಗಳ ಕಟ್ಟು) 2.39ರಿಂದ ಕಾಣಿಸುತ್ತಿದೆ, ಪ್ರೋಗ್ರಾಂ ನಿಲ್ಲುವುದಿಲ್ಲ, ಆದರೆ ಸ್ಟ್ಯಾಕ್ ಕೋಡ್ ಓಡಿಸಬಲ್ಲ ಸ್ಥಿತಿಯಲ್ಲಿ ಉಳಿಯುತ್ತದೆ. ಕಡತದ ಕೊನೆಗೆ ಆ ಹೆಸರಿನ ಖಾಲಿ ವಿಭಾಗ ಸೇರಿಸಿದರೆ ಸಾಕು.

ಗ್ಯಾಸ್ ಬಳಸುವವರಿಗೆ ಕಡತದ ಬಾಲದಲ್ಲೂ ಒಂದು ಗುಂಡಿ ಇದೆ. ಹೆಸರಿನ ಕೊನೆಯಲ್ಲಿ ದೊಡ್ಡಕ್ಷರದ ಎಸ್ ಇದ್ದರೆ ಮಾತ್ರ ಜಿಸಿಸಿ ಅದನ್ನು ಸಿ ಪ್ರೀಪ್ರೊಸೆಸರ್ ಮೂಲಕ ಕಳಿಸುತ್ತದೆ. ಚಿಕ್ಕಕ್ಷರವಾದರೆ ನೇರ ಅಸೆಂಬ್ಲರಿಗೆ. ಎಕ್ಸ್86ನಲ್ಲಿ # ಕಾಮೆಂಟಿನ ಗುರುತು ತಾನೇ? ‘#ಡಿಫೈನ್’ ಸಾಲುಗಳೆಲ್ಲ ಕಾಮೆಂಟಾಗಿ ಮಾಯವಾಗುತ್ತವೆ. ಅಸೆಂಬ್ಲರ್ ದೂರುವುದಿಲ್ಲ, ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ, ಎದುರಿಗೇ ಕಾಣುವ ಹೆಸರು ಏಕೆ ಸಿಗುತ್ತಿಲ್ಲವೆಂದು ಅರ್ಧ ದಿನ ಹೋಗುತ್ತದೆ. ಕಡತದ ಹೆಸರು ಬದಲಿಸಿ, ಅಷ್ಟೇ.

ಡಾಸ್ ಕಾಲದ 8086 ಕೋಡಿಗೆ ಈಗಿನ ವಿಷುವಲ್ ಸ್ಟುಡಿಯೋ ಜೊತೆಯ ‘ಎಂಎಲ್64’ ಆಗದು. ಅದಕ್ಕೆ ‘.ಮಾಡೆಲ್’ ಗೊತ್ತಿಲ್ಲ, ‘ಇನ್ವೋಕ್’ ಗೊತ್ತಿಲ್ಲ, ‘.ಇಫ್’ ಕೂಡ ಇಲ್ಲ. ಹಳೆಯ ಮಾಸ್ಮ್ ಅಥವಾ ಟಾಸ್ಮ್ ಜೊತೆ ಆ ಕಾಲದ 16 ಬಿಟ್ ಲಿಂಕರನ್ನೇ ಇಟ್ಟುಕೊಂಡು ಡಾಸ್‌ಬಾಕ್ಸ್‌ನೊಳಗೆ ಓಡಿಸಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಮುಟ್ಟುವುದಿಲ್ಲ. ಹಳೆಯ ಯೋಜನೆಗಳಲ್ಲಿ ಯಾಸ್ಮ್ ಕಂಡು ಎವಿಎಕ್ಸ್-512 ಇನ್‌ಸ್ಟ್ರಕ್ಷನ್ ಒಪ್ಪದಿದ್ದರೆ ಆಪರೆಂಡ್ ತಿದ್ದುತ್ತ ಕೂರಬೇಡಿ: ಯಾಸ್ಮ್ 1.3.0 ಬಂದದ್ದು 2014ರಲ್ಲಿ, ಆ ಇನ್‌ಸ್ಟ್ರಕ್ಷನ್‌ಗಳು ಅದಕ್ಕೆ ತಿಳಿಯವು. ವ್ಯಾಕರಣ ಬಹುತೇಕ ಒಂದೇ ಆದ್ದರಿಂದ ನಾಸ್ಮ್‌ಗೆ ಹೋಗುವುದು ಕಷ್ಟವಲ್ಲ.

ಆರ್ಮ್: ಕೈಲ್ ಮನೆ, ಗ್ನೂ ಮನೆ

ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಪಠ್ಯಕ್ರಮದ ಲ್ಯಾಬ್‌ನಲ್ಲಿ ಎಲ್‌ಪಿಸಿ2148 ಬೋರ್ಡ್, ಕೈಲ್ ಮೈಕ್ರೋವಿಷನ್ 4 ಇದ್ದವು. ಅದೇ ಪ್ರೋಗ್ರಾಮನ್ನು ಮನೆಯಲ್ಲಿ ಹೊಸ ಕೈಲ್ ಹಾಕಿಕೊಂಡು ಓಡಿಸಲು ಹೋದವರಿಗೆ ಎರಡು ಗೋಡೆ ಅಡ್ಡ ಬರುತ್ತವೆ. ಮೊದಲನೆಯದು, ಚಿಪ್ ಪಟ್ಟಿಯಲ್ಲಿ ಎಲ್‌ಪಿಸಿ2148 ಇರುವುದಿಲ್ಲ. ಆರ್ಮ್7, ಆರ್ಮ್9ಕ್ಕೆಂದೇ ಇರುವ ಹಳೆಯ ಬೆಂಬಲದ ಪ್ಯಾಕ್ ಬೇರೆಯಾಗಿ ಹಾಕಬೇಕು. ಎರಡನೆಯದು ಕಂಪೈಲರ್. ಕೈಲ್‌ನ ಎಂಡಿಕೆ ತಂತ್ರಾಂಶದ 5.37ರಿಂದ ಈಚೆಗೆ ಆರ್ಮ್ ಕಂಪೈಲರ್ 5 ಜೊತೆಗೆ ಬರುವುದಿಲ್ಲ, ಆರ್ಮ್ ಕಂಪೈಲರ್ 6 ಆರ್ಮ್7ಟಿಡಿಎಂಐ ಕೋರನ್ನು ಒಪ್ಪುವುದಿಲ್ಲ. ಲ್ಯಾಬ್ ಪರೀಕ್ಷೆಗೆ ಓದುವವರು ಲ್ಯಾಬ್‌ನ ಆವೃತ್ತಿಯನ್ನೇ ಹಾಕಿಕೊಳ್ಳುವುದು ಕ್ಷೇಮ.

ಆರ್ಮ್‌ಆಸ್ಮ್‌ನಲ್ಲಿ ಲೇಬಲ್ ಮೊದಲ ಕಾಲಂನಿಂದಲೇ ಶುರುವಾಗಬೇಕು, ಇನ್‌ಸ್ಟ್ರಕ್ಷನ್ ಶುರುವಾಗಬಾರದು. ಒಂದು ಸ್ಪೇಸ್ ಆದರೂ ಬಿಡಬೇಕು. ಎ1163ಇ ಎರರ್ ಬಂದ ಸಾಲಿನ ಎಡ ಅಂಚು ನೋಡಿ: ಇನ್‌ಸ್ಟ್ರಕ್ಷನ್ ಅಂಚಿಗೆ ಅಂಟಿದ್ದರೆ ಅದನ್ನು ಲೇಬಲ್ ಎಂದು ಓದಿ, ಮುಂದಿನ ರಿಜಿಸ್ಟರಿನ ಹೆಸರನ್ನು ಇನ್‌ಸ್ಟ್ರಕ್ಷನ್ ಎಂದುಕೊಂಡಿದೆ. ಪಿಡಿಎಫ್‌ನಿಂದ ಕಾಪಿ ಮಾಡಿದ ಕೋಡಿನಲ್ಲಿ ಎಡಗಡೆಯ ಸ್ಪೇಸ್‌ಗಳೆಲ್ಲ ಉದುರಿಹೋಗಿರುವುದೇ ಇದಕ್ಕೆ ದೊಡ್ಡ ಕಾರಣ. ಕೊನೆಗೆ ‘ಎಂಡ್’ ಇರಲೇಬೇಕು, ಅದೂ ಅಂಚಿಗೆ ಅಂಟದ ಹಾಗೆ.

ಆರ್ಮ್ ಕಂಪೈಲರ್ 6 ಯೋಜನೆಯಲ್ಲಿ ಹಳೆಯ ಸ್ಟಾರ್ಟಪ್ ಕಡತ ಎರರ್ ಕೊಟ್ಟರೆ ಕಡತ ತಿದ್ದಬೇಕಿಲ್ಲ. ಆಪ್ಷನ್ಸ್‌ನ ಆಸ್ಮ್ ಪುಟದಲ್ಲಿ ಅಸೆಂಬ್ಲರ್ ಆಯ್ಕೆಯನ್ನು ‘ಆರ್ಮ್‌ಆಸ್ಮ್ (ಆರ್ಮ್ ಸಿಂಟ್ಯಾಕ್ಸ್)’ ಮಾಡಿ. ಆರ್ಮ್‌ಕ್ಲ್ಯಾಂಗ್ ಒಳಗಿನ ಅಸೆಂಬ್ಲರ್ ಓದುವುದು ಗ್ನೂ ಶೈಲಿ. ಅದಕ್ಕೆ ‘ಏರಿಯಾ’ ಎಂದರೆ ಏನೂ ಅಲ್ಲ.

ಗ್ನೂ ಮನೆಯಲ್ಲಿ ಕಾರ್ಟೆಕ್ಸ್-ಎಂ ಚಿಪ್‌ಗೆ ಬರೆಯುವ ಪ್ರತಿ ಕಡತದ ತಲೆಯಲ್ಲಿ ಮೂರು ಸಾಲು ಇರಲಿ: ‘.ಸಿಂಟ್ಯಾಕ್ಸ್ ಯುನಿಫೈಡ್’, ‘.ಸಿಪಿಯು’ ಎಂದು ಕೋರಿನ ಹೆಸರು, ‘.ಥಂಬ್’ (ಥಂಬ್ ಎಂದರೆ ಆರ್ಮ್‌ನ ಚಿಕ್ಕ ಇನ್‌ಸ್ಟ್ರಕ್ಷನ್‌ಗಳ ಗಣ). ಮೊದಲನೆಯದು ಬಿಟ್ಟರೆ ‘ಆ್ಯಡ್ಸ್’ನಂಥ ಸರಳ ಇನ್‌ಸ್ಟ್ರಕ್ಷನ್ನಿಗೂ ಥಂಬ್16 ಮೋಡ್‌ನಲ್ಲಿ ಇದಿಲ್ಲ ಎಂದು ಬರುತ್ತದೆ, ಏಕೆಂದರೆ ಗ್ಯಾಸ್ ಹಳೆಯ ವ್ಯಾಕರಣಕ್ಕೆ ಬಿದ್ದಿರುತ್ತದೆ. ‘ಸೆಲೆಕ್ಟೆಡ್ ಪ್ರೊಸೆಸರ್ ಡಸ್ ನಾಟ್ ಸಪೋರ್ಟ್’ ಎಂದರೆ ಎರಡರಲ್ಲೊಂದು: ಸಿಪಿಯು ಹೆಸರು ಕೊಟ್ಟಿಲ್ಲ, ಇಲ್ಲವೇ ಕೊಟ್ಟ ಕೋರಿನಲ್ಲಿ ಅದು ನಿಜಕ್ಕೂ ಇಲ್ಲ. ಕಾರ್ಟೆಕ್ಸ್-ಎಂ0ದಲ್ಲಿ ಭಾಗಾಕಾರದ ‘ಯುಡಿಐವಿ’ ಇಲ್ಲ, ‘ಸಿಬಿಝಡ್’ ಇಲ್ಲ, ‘ಐಟಿ’ ಇಲ್ಲ. ಎಂ3ಕ್ಕೆ ಬರೆದ ಕೋಡನ್ನು ಎಂ0ಗೆ ತಂದಾಗ, ಎರರ್ ಹೋಗಲಿ ಎಂದು ಸಿಪಿಯು ಹೆಸರನ್ನು ಎಂ3 ಎಂದೇ ಸುಳ್ಳು ಬರೆದರೆ ಅಸೆಂಬ್ಲರ್ ನಂಬುತ್ತದೆ. ಚಿಪ್ ನಂಬುವುದಿಲ್ಲ, ಹಾರ್ಡ್‌ಫಾಲ್ಟ್ ಎಂಬ ದೋಷಕ್ಕೆ ಬೀಳುತ್ತದೆ.

ಎರರಿಲ್ಲದೆ ಅಸೆಂಬಲ್ ಆಗಿ, ಚಿಪ್‌ಗೆ ಸರಿಯಾಗಿ ಬರೆದು, ಆದರೂ ಬೋರ್ಡ್ ಸತ್ತ ಹಾಗೆ ಕೂತಿದ್ದರೆ ವೆಕ್ಟರ್ ಟೇಬಲ್, ಅಂದರೆ ಚಿಪ್ ಶುರುವಾದಾಗ ಮೊದಲು ಓದುವ ವಿಳಾಸಗಳ ಪಟ್ಟಿ, ನೋಡಿ. ಮೊದಲ ಪದ ಸ್ಟ್ಯಾಕ್‌ನ ತುದಿ, ಎರಡನೆಯದು ರಿಸೆಟ್ ಹ್ಯಾಂಡ್ಲರಿನ ವಿಳಾಸ. ಕಾರ್ಟೆಕ್ಸ್-ಎಂ ಬರೀ ಥಂಬ್ ಓಡಿಸುತ್ತದೆ, ಆ ವಿಳಾಸದ ಕೊನೆಯ ಬಿಟ್ 1 ಆಗಿರಬೇಕು. ಎಸ್‌ಟಿಎಂ32ಎಫ್103ರಲ್ಲಿ ಹ್ಯಾಂಡ್ಲರ್ ಹೆಕ್ಸ್ 08000130ರಲ್ಲಿ ಇದ್ದರೆ ಟೇಬಲ್‌ನಲ್ಲಿ 08000131 ಎಂದಿರಬೇಕು. ಸಮಸಂಖ್ಯೆ ಇದ್ದರೆ ಹ್ಯಾಂಡ್ಲರ್ ಲೇಬಲ್‌ನ ಮುಂಚೆ ‘.ಥಂಬ್_ಫಂಕ್’ ಬಿಟ್ಟುಹೋಗಿದೆ. ಎಂ3, ಎಂ4ಗಳಲ್ಲಿ ಡಿಬಗರ್ ಹಚ್ಚಿ ಹೆಕ್ಸ್ ಇ000ಇಡಿ28 ವಿಳಾಸದ ರಿಜಿಸ್ಟರ್ ಓದಿದರೆ 17ನೇ ಬಿಟ್ ಎದ್ದಿರುತ್ತದೆ. ಹಾರ್ಡ್‌ಫಾಲ್ಟ್ ಹ್ಯಾಂಡ್ಲರಿನ ವಿಳಾಸವೂ ಸಮವೇ ಆಗಿದ್ದರೆ ಕೋರ್ ಲಾಕಪ್ ಆಗಿ ನಿಲ್ಲುತ್ತದೆ. ಸಿಯಲ್ಲಿ ಬರೆದಾಗ ಈ ಬಿಟ್ಟನ್ನು ಕಂಪೈಲರ್ ತಾನೇ ನೋಡಿಕೊಳ್ಳುವುದರಿಂದ, ಸಿ ಚೆನ್ನಾಗಿ ಬಲ್ಲವರೇ ಇಲ್ಲಿ ಹೆಚ್ಚು ಎಡವುತ್ತಾರೆ.

ರಾಸ್ಪ್‌ಬೆರಿ ಪೈನಲ್ಲಿ ಹಳೆಯ ಪಾಠದ ‘ಎಸ್‌ಡಬ್ಲ್ಯುಐ 0’ಗೆ ‘ಅನ್‌ನೋನ್ ನೆಮೋನಿಕ್’ ಬಂದರೆ ‘ಯುನೇಮ್ -ಎಂ’ ಹೊಡೆಯಿರಿ. ‘ಎಆರ್ಚ್64’ ಎಂದರೆ ನೀವಿರುವುದು 64 ಬಿಟ್ ವ್ಯವಸ್ಥೆಯಲ್ಲಿ, ಪಾಠ 32 ಬಿಟ್‌ದು. ಆರ್0 ಜಾಗದಲ್ಲಿ ಎಕ್ಸ್0 ಬರೆದು ಸಾಗಹಾಕಲು ನೋಡಬೇಡಿ. ಹಳೆಯದರಲ್ಲಿ ಸಿಸ್ಟಂ ಕಾಲ್ ಸಂಖ್ಯೆ ಆರ್7ರಲ್ಲಿ, ಬರೆಯಲು 4, ಮುಗಿಸಲು 1. ಹೊಸದರಲ್ಲಿ ಎಕ್ಸ್8ರಲ್ಲಿ, ಬರೆಯಲು 64, ಮುಗಿಸಲು 93. ಕಲಿಕೆಗಾದರೆ 32 ಬಿಟ್ ಕ್ರಾಸ್ ಅಸೆಂಬ್ಲರ್ ಹಾಕಿಕೊಂಡು ಪಾಠ ಮುಗಿಸಿ, ಆಮೇಲೆ 64ಕ್ಕೆ ಬನ್ನಿ.

ಎವಿಆರ್: ಎರಡು ಲೆಕ್ಕದ ಪುಸ್ತಕ

ಆರ್ಡುಯಿನೋ ಯುನೋದ ಆಟ್‌ಮೆಗಾ328ಪಿ ಚಿಪ್‌ಗೆ ಎವಿಆರ್‌ಆಸ್ಮ್2, ಗ್ನೂ ಎರಡೂ ಇವೆ. ಕೋಡ್ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಕಾಮೆಂಟಿನ ಗುರುತೂ ಒಂದೇ. ಆದ್ದರಿಂದಲೇ ಇಲ್ಲಿನ ದೋಷಗಳು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಲಕ್ಷಣ: ಎರರ್ ಇಲ್ಲ, ಎಲ್‌ಇಡಿ ಹೊತ್ತುವುದಿಲ್ಲ. ಪೋರ್ಟ್‌ಬಿಗೆ ಎರಡು ವಿಳಾಸ ಇದೆ: ಐಒ ಲೆಕ್ಕದಲ್ಲಿ ಹೆಕ್ಸ್ 05, ಮೆಮೊರಿ ಲೆಕ್ಕದಲ್ಲಿ ಹೆಕ್ಸ್ 25. ‘ಔಟ್’ ಇನ್‌ಸ್ಟ್ರಕ್ಷನ್ನಿಗೆ ಬೇಕಿರುವುದು ಮೊದಲನೆಯದು. ಎವಿಆರ್‌ಆಸ್ಮ್2ರ ಕಡತದಲ್ಲಿ ಪೋರ್ಟ್‌ಬಿ ಎಂದರೆ 05; ಗ್ನೂ ಜೊತೆಯ ‘ಎವಿಆರ್/ಐಒ.ಎಚ್’ನಲ್ಲಿ ಅದು 25. ಹಾಗೆಯೇ ಗ್ನೂಗೆ ಕೊಟ್ಟರೆ ‘ಔಟ್ ಪೋರ್ಟ್‌ಬಿ’ ಹೋಗಿ ಐಒ ವಿಳಾಸ 25ಕ್ಕೆ, ಅಂದರೆ ಟೈಮರ್ 0ರ ಟಿಸಿಸಿಆರ್0ಬಿಗೆ ಬರೆಯುತ್ತದೆ. ಡಿಡಿಆರ್‌ಬಿಗೆ ಬರೆದದ್ದು ಟಿಸಿಸಿಆರ್0ಎಗೆ ಹೋಗುತ್ತದೆ. ‘ಔಟ್’ ಹೆಕ್ಸ್ 3ಎಫ್‌ವರೆಗೂ ಒಪ್ಪುವುದರಿಂದ ಅಸೆಂಬ್ಲರಿಗೆ ತಪ್ಪು ಕಾಣದು. ‘ಎಸ್‌ಬಿಐ’ ಬಳಸಿದ್ದರೆ ಅದೃಷ್ಟ: ಅದರ ಮಿತಿ ಹೆಕ್ಸ್ 1ಎಫ್, ಎರರ್ ಕೂಡಲೇ ಬರುತ್ತದೆ. ಪರಿಹಾರಕ್ಕೆ ಹೆಸರನ್ನು ‘_ಎಸ್‌ಎಫ್‌ಆರ್_ಐಒ_ಎಡಿಡಿಆರ್’ ಒಳಗೆ ಸುತ್ತಿ, ಅಥವಾ ಐಒ.ಎಚ್ ಸೇರಿಸುವ ಮುಂಚೆ ‘__ಎಸ್‌ಎಫ್‌ಆರ್_ಆಫ್‌ಸೆಟ್’ ಅನ್ನು 0 ಎಂದು ಡಿಫೈನ್ ಮಾಡಿ. ಎರಡನೆಯದನ್ನು ಮಾಡಿದರೆ ‘ಎಲ್‌ಡಿಎಸ್’, ‘ಎಸ್‌ಟಿಎಸ್’ ಮೂಲಕ ಈ ಐಒ ರಿಜಿಸ್ಟರ್‌ಗಳನ್ನು ಮುಟ್ಟುವಲ್ಲಿ ನೀವೇ ಹೆಕ್ಸ್ 20 ಕೂಡಿಸಬೇಕು. ಸರಿಯಾಯಿತೇ ಎಂದು, ಬೈಟ್‌ಗಳನ್ನು ಮತ್ತೆ ಇನ್‌ಸ್ಟ್ರಕ್ಷನ್ ಆಗಿ ತೋರಿಸುವ ‘ಎವಿಆರ್-ಆಬ್ಜ್‌ಡಂಪ್ -ಡಿ’ ಹಾಕಿ ನೋಡಿ: ‘ಔಟ್’ ಪಕ್ಕದಲ್ಲಿ 05 ಕಾಣಬೇಕು.

ಎರಡನೆಯ ಲಕ್ಷಣ: ಫ್ಲ್ಯಾಶ್‌ನಲ್ಲಿಟ್ಟ ಟೇಬಲ್‌ನಿಂದ ಓದಿದರೆ ಕಸ ಬರುತ್ತದೆ. ಎವಿಆರ್‌ಆಸ್ಮ್2 ಫ್ಲ್ಯಾಶ್‌ನ ಲೇಬಲ್‌ಗಳನ್ನು ಪದಗಳಲ್ಲಿ ಎಣಿಸುತ್ತದೆ, ಪದಕ್ಕೆ ಎರಡು ಬೈಟ್. ‘ಎಲ್‌ಪಿಎಂ’ ಓದುವುದು ಬೈಟ್ ಲೆಕ್ಕದಲ್ಲಿ. ಆದ್ದರಿಂದ ಅಲ್ಲಿ ಲೇಬಲನ್ನು 2ರಿಂದ ಗುಣಿಸಿಯೇ ಝಡ್ ರಿಜಿಸ್ಟರಿಗೆ ಹಾಕುತ್ತಾರೆ. ಗ್ನೂ ಮೊದಲಿಂದಲೂ ಬೈಟ್‌ಗಳಲ್ಲೇ ಎಣಿಸುತ್ತದೆ. ಆ ಗುಣಾಕಾರ ಉಳಿಸಿಕೊಂಡರೆ ದುಪ್ಪಟ್ಟು ದೂರದಿಂದ ಓದುತ್ತದೆ. ಗುಣಾಕಾರ ತೆಗೆಯಿರಿ, ‘ಲೋ’, ‘ಹೈ’ ಎಂದಿದ್ದಲ್ಲಿ ‘ಎಲ್‌ಒ8’, ‘ಎಚ್‌ಐ8’ ಬರೆಯಿರಿ. ‘ಐಜಂಪ್’, ‘ಐಕಾಲ್’ಗೆ ವಿಳಾಸ ಕೊಡುವಾಗ ಮಾತ್ರ ಪದದ ಲೆಕ್ಕ ಬೇಕು, ಅದಕ್ಕೆ ‘ಪಿಎಂ_ಎಲ್‌ಒ8’, ‘ಪಿಎಂ_ಎಚ್‌ಐ8’ ಇವೆ.

‘.ಆರ್ಗ್’ ಕೂಡ ಇದೇ ಕತೆ. ಟೈಮರ್ 1 ಕಂಪೇರ್ ಎ ವೆಕ್ಟರ್ ಡೇಟಾಶೀಟಿನಲ್ಲಿ ಹೆಕ್ಸ್ 0016. ಗ್ನೂಗೆ ಅದು 2ಸಿ. ಇಂಟರಪ್ಟ್ ಬಂದ ಕೂಡಲೇ ಪ್ರೋಗ್ರಾಂ ಎಲ್ಲೋ ಹಾರಿಹೋದರೆ ಇಲ್ಲಿ ಹುಡುಕಿ. ಎವಿಆರ್-ಜಿಸಿಸಿ ಮೂಲಕ ಲಿಂಕ್ ಮಾಡುವುದಾದರೆ ‘.ಆರ್ಗ್’ ತಂಟೆಗೇ ಹೋಗದೆ ವೆಕ್ಟರಿನ ಹೆಸರನ್ನೇ ಗ್ಲೋಬಲ್ ಲೇಬಲ್ ಮಾಡಿದರೆ ಸಾಕು.

8051

ಇಲ್ಲಿ ದೋಷಗಳು ಕಡಿಮೆ, ಪದೇ ಪದೇ ಬರುವವು ಅವೇ. ಹೆಕ್ಸ್ ಸಂಖ್ಯೆ ಅಕ್ಷರದಿಂದ ಶುರುವಾದರೆ ಮುಂದೆ ಸೊನ್ನೆ ಹಾಕಬೇಕು: ‘ಎಫ್‌ಎಫ್‌ಎಚ್’ ಅಲ್ಲ, ‘0ಎಫ್‌ಎಫ್‌ಎಚ್’. ಇಲ್ಲವಾದರೆ ಕೈಲ್‌ನ ಎ51 ಅದನ್ನು ಚರದ ಹೆಸರೆಂದು ತಿಳಿದು ‘ಅನ್‌ಡಿಫೈನ್ಡ್ ಸಿಂಬಲ್’ ಎನ್ನುತ್ತದೆ. # ಮರೆತರೆ ಎರರೇ ಇಲ್ಲ. ‘ಮೂವ್ ಎ, 30ಎಚ್’ ಸಂಖ್ಯೆಯ ಬದಲು 30ಎಚ್ ವಿಳಾಸದ ಬೆಲೆ ತರುತ್ತದೆ. ‘ಟಾರ್ಗೆಟ್ ಔಟ್ ಆಫ್ ರೇಂಜ್’ ಎಂದರೆ ‘ಎಸ್‌ಜಂಪ್’ ಅಥವಾ ‘ಡಿಜೆಎನ್‌ಝಡ್’ 127 ಬೈಟ್‌ಗಿಂತ ಮುಂದಕ್ಕೋ 128ಕ್ಕಿಂತ ಹಿಂದಕ್ಕೋ ಹಾರಲು ನೋಡಿದೆ. ನಡುವೆ ಒಂದು ‘ಎಲ್‌ಜಂಪ್’ ಮೆಟ್ಟಿಲು ಹಾಕಿ. ಎ51ಗೆ ಬರೆದದ್ದನ್ನು ಎಸ್‌ಡಿಸಿಸಿಯ ಅಸೆಂಬ್ಲರಿಗೆ ಕೊಟ್ಟರೆ ಕೊನೆಯ ಎಚ್ ಅಕ್ಷರ ಒಪ್ಪುವುದಿಲ್ಲ, ‘ಆರ್ಗ್’, ‘ಡಿಬಿ’ ಮುಂದೆ ಚುಕ್ಕಿ ಕೇಳುತ್ತದೆ. ಆ ಕೆಲಸಕ್ಕೆ ಆಸೆಮ್-51 ಹತ್ತಿರದ ನೆಂಟ. ಕೈಲ್‌ನ ಉಚಿತ ಸಿ51 ಆವೃತ್ತಿಗೆ 2 ಕೆಬಿ ಕೋಡಿನ ಮಿತಿ ಇದೆ ಎಂಬುದೂ ನೆನಪಿರಲಿ.

ರಿಸ್ಕ್-ಫೈವ್

ಇಲ್ಲಿ ಅಸೆಂಬ್ಲರ್ ಆರಿಸುವುದಕ್ಕಿಂತ ಅದಕ್ಕೆ ಕೊಡುವ ‘-ಮಾರ್ಚ್’ ಬೆಲೆ ಆರಿಸುವುದೇ ಮುಖ್ಯ. ‘ಆರ್‌ವಿ32ಐ’ ಎಂದು ಹೇಳಿ ‘ಎಂಯುಎಲ್’ ಬರೆದರೆ ಎಂ (ಗುಣಾಕಾರ, ಭಾಗಾಕಾರದ) ವಿಸ್ತರಣೆ ಬೇಕು ಎಂದು ಗ್ಯಾಸ್ ಹೇಳುತ್ತದೆ. ಮೊನ್ನೆವರೆಗೆ ಓಡುತ್ತಿದ್ದ ಯೋಜನೆ ಟೂಲ್‌ಚೈನ್ ಬದಲಿಸಿದ ಕೂಡಲೇ ‘ಸಿಎಸ್‌ಆರ್‌ಆರ್’ ಸಾಲಿನಲ್ಲಿ ಮುಗ್ಗರಿಸಿದರೆ ಗಾಬರಿ ಬೇಡ. ಬೈನ್‌ಯುಟಿಲ್ಸ್ 2.38ರಿಂದ ಆ ಇನ್‌ಸ್ಟ್ರಕ್ಷನ್‌ಗಳನ್ನು ಮೂಲ ಗಣದಿಂದ ಬೇರೆ ಮಾಡಿದ್ದಾರೆ. ಮಾರ್ಚ್ ಕೊನೆಗೆ ‘_ಝಿಸಿಎಸ್‌ಆರ್’ ಸೇರಿಸಿ, ‘ಫೆನ್ಸ್.ಐ’ ಬಳಸಿದ್ದರೆ ‘_ಝಿಫೆನ್ಸಿಐ’ ಕೂಡ.

ಹೆಚ್ಚು ಕೊಟ್ಟರೂ ತೊಂದರೆ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ವೇಗಾ ಕೋರಿನ ತೇಜಸ್32 ಚಿಪ್ ಆರ್‌ವಿ32ಐಎಂ. ಕುಗ್ಗಿಸಿದ 16 ಬಿಟ್ ಇನ್‌ಸ್ಟ್ರಕ್ಷನ್‌ಗಳ ಸಿ ವಿಸ್ತರಣೆ ಅದರಲ್ಲಿಲ್ಲ. ಬೇರೆ ಬೋರ್ಡಿನ ಮೇಕ್‌ಫೈಲ್‌ನಿಂದ ‘ಆರ್‌ವಿ32ಐಎಂಎಸಿ’ ಎತ್ತಿಕೊಂಡರೆ ನೀವು ಬರೆದ ಮಾಮೂಲಿ ‘ಆ್ಯಡ್‌ಐ’ಯನ್ನೇ ಗ್ಯಾಸ್ 16 ಬಿಟ್‌ಗೆ ಕುಗ್ಗಿಸುತ್ತದೆ, ಚಿಪ್ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂದು ಬೀಳುತ್ತದೆ. ಡಂಪ್‌ನಲ್ಲಿ ನಾಲ್ಕೇ ಹೆಕ್ಸ್ ಅಂಕಿಯ ಸಾಲುಗಳು ಕಂಡರೆ ಸಿ ಒಳಸೇರಿದೆ ಎಂದು ತಿಳಿಯಿರಿ.

ಸ್ಟಾರ್ಟಪ್ ಕೋಡ್ ಕೈಯಲ್ಲಿ ಬರೆಯುವವರನ್ನು ಕಾಡುವ ಇನ್ನೊಂದಿದೆ. ಜಿಪಿ ರಿಜಿಸ್ಟರಿಗೆ ‘ಎಲ್‌ಎ’ ಮೂಲಕ ಗ್ಲೋಬಲ್ ಪಾಯಿಂಟರ್ ತುಂಬುವ ಸಾಲನ್ನು ಲಿಂಕರ್ ‘ಚುರುಕು’ ಮಾಡಲು ಹೋಗಿ ಜಿಪಿಯನ್ನು ಜಿಪಿಗೇ ನಕಲಿಸುವ ಸಾಲಾಗಿಸುತ್ತದೆ. ಜಿಪಿಯಲ್ಲಿ ಇನ್ನೂ ಏನೂ ಇಲ್ಲ, ಹಾಗಾಗಿ ಗ್ಲೋಬಲ್ ಚರಗಳೆಲ್ಲ ತಪ್ಪು ಜಾಗದಿಂದ ಬರುತ್ತವೆ. ಆ ಒಂದು ಸಾಲನ್ನು ‘.ಆಪ್ಷನ್ ಪುಶ್’, ‘.ಆಪ್ಷನ್ ನೋರಿಲ್ಯಾಕ್ಸ್’ ಮತ್ತು ‘.ಆಪ್ಷನ್ ಪಾಪ್’ ನಡುವೆ ಇಡಿ.

ಇಷ್ಟಾದರೂ ಹೊಂದದಿದ್ದರೆ

ಕಡತದಲ್ಲಿ ಕಣ್ಣಿಗೆ ಕಾಣದ ಅಕ್ಷರ ಇರಬಹುದು. ವರ್ಡ್ ಅಥವಾ ಪಿಡಿಎಫ್‌ನಿಂದ ಬಂದ ಬಾಗಿದ ಉದ್ಧರಣ ಚಿಹ್ನೆ, ಉದ್ದ ಅಡ್ಡಗೆರೆ, ಮುರಿಯದ ಸ್ಪೇಸ್, ಇವುಗಳಿಗೆ ಗ್ಯಾಸ್ ‘ಜಂಕ್ ಅಟ್ ಎಂಡ್ ಆಫ್ ಲೈನ್’ ಎನ್ನುವುದುಂಟು. ‘ಕ್ಯಾಟ್ -ಎ’ ಎಂದು ದೊಡ್ಡಕ್ಷರದ ಎ ಹಾಕಿ ಕಡತ ತೆರೆದರೆ ಅವು ಎಂ- ಎಂದು ಶುರುವಾಗುವ ಗುರುತುಗಳಾಗಿ ಕಾಣುತ್ತವೆ. ಆ ಸಾಲನ್ನು ಅಳಿಸಿ ಕೈಯಲ್ಲೇ ಟೈಪ್ ಮಾಡಿ.

ಕೊನೆಗೆ ಉಳಿಯುವುದು ಬೈಟ್‌ಗಳ ಪರೀಕ್ಷೆ. ಸಂದೇಹವಿರುವ ಮೂರು ನಾಲ್ಕು ಇನ್‌ಸ್ಟ್ರಕ್ಷನ್‌ಗಳನ್ನಷ್ಟೇ ಬೇರೆ ಕಡತಕ್ಕೆ ಹಾಕಿ ಅಸೆಂಬಲ್ ಮಾಡಿ, ಆಬ್ಜ್‌ಡಂಪ್ ಹಾಕಿ, ಬಂದ ಬೈಟ್‌ಗಳನ್ನು ಚಿಪ್ ತಯಾರಕರ ಇನ್‌ಸ್ಟ್ರಕ್ಷನ್ ಕೈಪಿಡಿಯ ಬಿಟ್ ನಕ್ಷೆಯೊಂದಿಗೆ ತಾಳೆ ನೋಡಿ. ಎಕ್ಸ್86ನ ತಲೆಬರಹವಿಲ್ಲದ ಬಿನ್ ಫೈಲಿಗೆ ‘-ಡಿ’ಯನ್ನು ದೊಡ್ಡಕ್ಷರದಲ್ಲಿ ಕೊಟ್ಟು, ‘-ಬಿ ಬೈನರಿ -ಎಂ ಐ8086’ ಎಂದೂ ಸೇರಿಸಬೇಕು. ಬೈಟ್‌ಗಳು ಕೈಪಿಡಿಗೆ ಹೊಂದಿದರೆ ಅಸೆಂಬ್ಲರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಇನ್ನು ಲಿಂಕರ್ ಸ್ಕ್ರಿಪ್ಟ್, ವೈರಿಂಗ್, ಕ್ಲಾಕ್ ಕಡೆ ಹುಡುಕಿ.